ಅವನ ಹಾಗೆ ಕಂಡವನು

“ಹಾಗಾದ್ರೆ ಶಿಲುಬೆ ಮೇಲೆ ಇದ್ದವನು ಯಾರು ಸಾರ್?”

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು. ಪಾದ್ರಿಯ ಮಗಳು. ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಪಾಠ ಮಾಡುತ್ತಿದ್ದ ಅವನಿಗೆ ಕಿರಿಕಿರಿಯಾದದ್ದೇ ಅದಕ್ಕೆ.

ಅಲ್ಲಿಯವರೆಗೆ ಪಾಠ ಸಲೀಸಾಗಿ ಸಾಗಿತ್ತು. ಧರ್ಮಗಳನ್ನು ಕಲಿಸುವುದು ಅವನ ಕೆಲಸ, ಇವತ್ತಿನದು ಅವನದೇ ಧರ್ಮ. ಇಸ್ಲಾಮಿನ ಪ್ರಕಾರ ಈಸಾ, ಎಂದರೆ ಯೇಸು, ದೇವರ ಮಗನಲ್ಲ, ದೊಡ್ಡ ಪ್ರವಾದಿ; ಕನ್ಯೆ ಮರ್ಯಮರ ಮಗ; ತೊಟ್ಟಿಲಲ್ಲೇ ಮಾತಾಡಿ ತಾಯಿಯ ಮಾನ ಕಾಯ್ದವರು. ಅವರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ. ಜನರಿಗೆ ಹಾಗೆ ಕಾಣುವಂತಾಯಿತು. ದೇವರು ಅವರನ್ನು ತನ್ನ ಬಳಿಗೆ ಎತ್ತಿಕೊಂಡ.

ಶಿಲುಬೆಯ ಮೇಲಿದ್ದವನು ಇಂಥವನೆಂದು ಗ್ರಂಥ ಹೆಸರಿಸುವುದಿಲ್ಲ ಎಂದ. ಮತ್ತೊಬ್ಬನಿಗೆ ಅವರ ರೂಪ ಬಂತು ಎನ್ನುವ ವ್ಯಾಖ್ಯಾನಕಾರರಿದ್ದಾರೆ. ಆ ಮತ್ತೊಬ್ಬ ದ್ರೋಹಿ ಎಂದು ಕೆಲವರು, ತಾನಾಗಿ ಮುಂದೆ ಬಂದ ಶಿಷ್ಯ ಎಂದು ಕೆಲವರು. ಅದು ನಮಗೆ ಗೊತ್ತಿಲ್ಲ ಎಂದು ಸುಮ್ಮನಾದವರೂ ಇದ್ದಾರೆ.

“ಅವನು ‘ನಾನಲ್ಲ’ ಅಂತ ಕೂಗಲಿಲ್ವಾ ಸಾರ್?”

“ಕೂಗಿದ್ರೂ ಯಾರು ನಂಬ್ತಾರಮ್ಮ?”

ಕ್ಲಾಸು ನಕ್ಕಿತು. ಅವನೂ ನಕ್ಕ. ಹುಡುಗಿ ಮಾತ್ರ ನಗದೆ ಕೂತಳು.

ಪಾಠ ಮುಗಿಯುವಷ್ಟರಲ್ಲಿ ಪ್ರಿನ್ಸಿಪಾಲರಿಂದ ಕರೆ ಬಂತು. ಗ್ರಂಥಾಲಯದ ಅಟೆಂಡರ್ ವಿಷಯ. ಹೋದ ವಾರ ಆ ಮುದುಕ ಮೆಟ್ಟಿಲ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ, ತಲೆಯೂ ಒಡೆದಿತ್ತು. ತನ್ನನ್ನು ತಳ್ಳಿದರು ಎನ್ನುತ್ತಿದ್ದ.

ತಳ್ಳಿದವನು ಈ ಮೇಷ್ಟ್ರೇ. ಸಹಿ ಹಾಕದೆ ಪುಸ್ತಕ ಒಯ್ಯುತ್ತಿದ್ದವನ ತೋಳನ್ನು ಮುದುಕ ಹಿಂದಿನಿಂದ ಹಿಡಿದು, ಎಲ್ಲರಿಗೂ ಒಂದೇ ರೂಲು ಎಂದಿದ್ದ. ಆ ಕೈ ಅವನಿಗೆ ಅಸಹ್ಯವೆನಿಸಿತ್ತು. ಕೊಡವಿಕೊಂಡ. ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡದೆ ಮೇಲಕ್ಕೆ ಹೋದ.

ಸದ್ದು ಕೇಳಿ ಓಡಿ ಬಂದದ್ದು ತಮ್ಮ. ತಮ್ಮ ಎಂದರೆ ಒಡಹುಟ್ಟಿದವನಲ್ಲ, ಚರಿತ್ರೆ ವಿಭಾಗದ ಹಂಗಾಮಿ ಮೇಷ್ಟ್ರು. ಅದೇ ಎತ್ತರ, ಅದೇ ಗಡ್ಡ, ಅದೇ ಥರದ ಕನ್ನಡಕ. ವಿದ್ಯಾರ್ಥಿಗಳು ಇವನನ್ನು ಅಣ್ಣ, ಅವನನ್ನು ತಮ್ಮ ಎನ್ನುತ್ತಿದ್ದರು. ಪೊರೆ ಬಂದ ಕಣ್ಣು ಬಿಟ್ಟಾಗ ಮುದುಕನಿಗೆ ಕಂಡದ್ದು ತನ್ನ ಮೇಲೆ ಬಾಗಿದ ತಮ್ಮನ ಮುಖ. ಆಸ್ಪತ್ರೆಯ ಮಂಚದಿಂದ ಬೆರಳು ತೋರಿಸಿದ್ದೂ ಆ ಮುಖದ ಕಡೆಗೇ.

“ಆ ಚರಿತ್ರೆ ಮೇಷ್ಟ್ರು ನಿಮಗೆ ಹತ್ತಿರದವರು,” ಎಂದರು ಪ್ರಿನ್ಸಿಪಾಲರು. “ಮನುಷ್ಯ ಹೇಗೆ?”

ಅವನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ನಾನು ಎಂದು ಶುರುವಾಗುವಂಥದ್ದು.

“ಒಳ್ಳೆ ಹುಡುಗ ಸಾರ್.”

“ಆದ್ರೆ?”

ಆದರೆ ಎಂದು ಅವನು ಅಂದಿರಲಿಲ್ಲ. ಅವರೇ ಅದನ್ನು ಮುಂದಿಟ್ಟು ಕಾದರು.

“ಈಚೆಗೆ ಯಾಕೋ ಸಿಡುಕು ಜಾಸ್ತಿ,” ಎಂದ.

ಅಷ್ಟು ಸಾಕಾಯಿತು. ಊಟದ ಹೊತ್ತಿಗೆ ತಮ್ಮನ ಕೆಲಸ ಹೋಗಿತ್ತು. ನಾಚಿಕೆಯಾಗಬಹುದೆಂದು ಅವನು ಕಾದ. ಆದದ್ದು ಹಸಿವು. ಬುತ್ತಿಯನ್ನು ಬಳಿದು ಉಂಡ.

ಸ್ಟಾಫ್ ರೂಮಿನಲ್ಲಿ ತಮ್ಮ ತನ್ನ ಡ್ರಾಯರ್ ಖಾಲಿ ಮಾಡುತ್ತಿದ್ದ. ಬಾಚಣಿಗೆ, ಸೀಮೆಸುಣ್ಣದ ತುಂಡುಗಳು, ಹೆಂಡತಿ ಹೆಣೆದ ಸ್ವೆಟರ್.

“ಒಳ್ಳೆ ಹುಡುಗ ಅಂದ್ರಂತೆ. ನನಗೆ ಅಷ್ಟೇ ಸಾಕು ಅಣ್ಣ.”

ಊಟ ಮಾಡಿ ತೊಳೆದ ಕೈಯನ್ನು ಅಣ್ಣ ಒರೆಸಿಕೊಳ್ಳುತ್ತಲೇ ಇದ್ದ.

“ಆ ಮುದುಕ ಸುಳ್ಳು ಹೇಳೋನಲ್ಲ,” ತಮ್ಮ ಮೆಲ್ಲಗೆ ಹೇಳಿದ. “ನನ್ನ ಮುಖ ನೋಡ್ಕೊಂಡೇ ಹೇಳ್ದ. ಅವತ್ತು ನನ್ನ ಕೈಯೆಲ್ಲ ರಕ್ತ. ಒಂದೊಂದ್ಸಲ ನಾನೇ ತಳ್ಳಿದ್ನೇನೋ ಅನ್ಸುತ್ತೆ. ಹಾಗೂ ಆಗುತ್ತಾ?”

ಇಲ್ಲ ಎನ್ನಲು ಬಾಯಿ ಕೂಡ ಬೇಕಿರಲಿಲ್ಲ. ತಲೆ ಅಲ್ಲಾಡಿಸಿದ್ದರೆ ಆಗುತ್ತಿತ್ತು.

“ಸಿಟ್ಟಿನಲ್ಲಿ ಏನು ಮಾಡಿದ್ವಿ ಅಂತ ಮನುಷ್ಯನಿಗೆ ನೆನಪಿರಲ್ಲ,” ಎಂದ ಅಣ್ಣ.

ತಮ್ಮ ಸ್ವೆಟರನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಇರಬಹುದು,” ಎಂದ.

ಗೇಟಿನ ಹೊರಗೆ ಮುದುಕನ ಮಕ್ಕಳು ನಿಂತಿದ್ದರು. ದೊಡ್ಡವನು ಬಂದವನೇ, ಮೊದಲು ಹೊರಬಂದ ಅಣ್ಣನ ಕಾಲರ್ ಹಿಡಿದ.

“ನಮ್ಮಪ್ಪನ್ನ ತಳ್ಳಿದ್ದು ನೀನೇ ತಾನೆ?”

“ನಾನಲ್ಲ,” ಎಂದ. “ಅವನು ಹಿಂದೆ ಬರ್ತಿದ್ದಾನೆ.”

ನಂಬಿದರು. ಕಿರಿಯವನು ಅವನ ಕಾಲರನ್ನು ತಾನೇ ನೆಟ್ಟಗೆ ಮಾಡಿ, ತಪ್ಪಾಯ್ತು ಸಾರ್ ಎಂದ.

ಬಸ್ಸು ಸಿಕ್ಕಿತು. ಅದು ಹೊರಡುವಾಗ ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು, ಆಮೇಲೆ ಎಂಜಿನ್ನಿನ ಸದ್ದಷ್ಟೇ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅವನು ಓಲಾಡುತ್ತಿದ್ದುದನ್ನು ಕಂಡ ಯಾರೋ, ಸುಸ್ತಾದ ಕೂಲಿಯವನಿರಬೇಕು, ಎದ್ದು ನಿಂತ.

“ಕೂತ್ಕೊಳ್ಳಿ ಸಾರ್.”

ಬೇಡ ಎನ್ನಲಿಲ್ಲ. ಸೀಟು ಆ ಮನುಷ್ಯನ ಮೈಯಿಂದ ಇನ್ನೂ ಬೆಚ್ಚಗಿತ್ತು.

ಆತ ಮೇಲಿನ ಎರಡು ಕಂಬಿಗಳಿಗೆ ಎರಡು ಕೈ ಚಾಚಿ ಜೋತುಬಿದ್ದ. ನಿದ್ದೆಗೆ ತಲೆ ಒಂದು ಭುಜದ ಮೇಲೆ ವಾಲಿತು. ಬೆವರಿಗೆ ಅಂಟಿದ ಅಂಗಿಯೊಳಗಿನ ಪಕ್ಕೆಲುಬುಗಳು ಪ್ರತಿ ತಿರುವಿನಲ್ಲೂ ಅವನ ಮುಖದ ಹತ್ತಿರ ಬಂದು ಹೋಗುತ್ತಿದ್ದವು. ಅವನು ಇಳಿಯುವ ಜಾಗ ಬಂತು. ಇಳಿಯಬೇಕಾದರೆ ಆ ಮೈಯನ್ನು ಕೈಯಿಂದ ಸರಿಸಬೇಕಿತ್ತು. ಅವನು ಕೈ ಎತ್ತಲಿಲ್ಲ. ಬಸ್ಸು ಮತ್ತೆ ಹೊರಟಿತು.