ಕಲ್ಲಿಕೋಟೆಯಿಂದ ಬರಬೇಕಾದ ಕಾಗದ

ಮಮ್ಮಾಲಿಯ ಅಂಗಡಿಯಲ್ಲಿ ಒಂದು ಲೈಮ್ ಸೋಡ ಕುಡಿಯಬೇಕಾದರೆ ಮೊದಲು ಒಂದು ಗೋಲಿನ ಕತೆ ಕೇಳಬೇಕು. ಪುರಸೊತ್ತು ಇದ್ದವರು ಕೇಳುತ್ತಾರೆ, ಇಲ್ಲದವರು ಎದುರಿನ ಬೇಕರಿಗೆ ಹೋಗುತ್ತಾರೆ. ಹೆದ್ದಾರಿ ಅಗಲವಾದ ಮೇಲೆ ಸರ್ವೀಸ್ ರಸ್ತೆಗೆ ಸರಿದ ಆ ಅಂಗಡಿಗೆ ಗಿರಾಕಿ ಕಡಿಮೆಯಾಗಿದ್ದಾರೆ, ಕತೆ ಕಡಿಮೆಯಾಗಿಲ್ಲ. ಅರುವತ್ತೊಂದು ದಾಟಿದ ಮಮ್ಮಾಲಿ ಒಂದು ಕಾಲದಲ್ಲಿ ಮೊಗ್ರಾಲ್ ಹೊಳೆಯ ಎರಡೂ ದಡಗಳಲ್ಲಿ ಹೆಸರು ಮಾಡಿದ ಸೆವೆನ್ಸ್ ಆಟಗಾರ. ಕೊಯ್ಲಾದ ಗದ್ದೆಯಲ್ಲಿ ಒಂದೊಂದು ಕಡೆಗೆ ಏಳು ಜನರಂತೆ ನಿಂತು ಆಡುವ ಆಟ ಅದು. ಸುತ್ತ ಅಡಿಕೆ ಮರದ ಗ್ಯಾಲರಿ ಕಟ್ಟಿ ಟಿಕೆಟ್ ಇಡುತ್ತಿದ್ದರು. ಮಮ್ಮಾಲಿ ಇದ್ದಾನೆ ಎಂದರೆ ದೂರದ ಬಾಯಾರಿನಿಂದಲೂ ಜೀಪು ಮಾಡಿಕೊಂಡು ಜನ ಬರುತ್ತಿತ್ತು.

ಅವನ ಆಟದ ಗುಟ್ಟು ಬಹಳ ಸರಳ. ಉಳಿದ ಆರು ಮಂದಿ ಗದ್ದೆ ತುಂಬ ಓಡಿ ಬೆವರು ಸುರಿಸುವಾಗ ಇವನು ಎದುರಾಳಿಯ ಗೋಲಿನ ಬಾಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಿದ್ದ. ಚೆಂಡು ಅಲ್ಲಿಗೆ ಬಂತೋ, ಒಂದು ತಟ್ಟು, ಗೋಲು. "ಅಡುಗೆಮನೆ ಬಾಗಿಲಲ್ಲಿ ನಿಂತವನಿಗೆ ಮೊದಲ ತುತ್ತು" ಎನ್ನುವುದು ಅವನೇ ಕಟ್ಟಿದ ಗಾದೆ. ತಂಗಿ ಜಮೀಲಾಳ ಮಗ ಫಸಲ್‌ಗೆ ಆರು ವರ್ಷವಾದಾಗ ಅವನನ್ನು ಅದೇ ಗದ್ದೆಗೆ ಇಳಿಸಿ ಅದೇ ಗಾದೆ ಕಲಿಸಿದ. ಹುಡುಗ ಎಲ್ಲಿಯಾದರೂ ಹಿಂದೆ ಸರಿದರೆ ಬದುವಿನ ಮೇಲಿನಿಂದ ಮಮ್ಮಾಲಿಯ ಗಂಟಲು ಕೇಳುತ್ತಿತ್ತು. "ಅಲ್ಲೇ ನಿಲ್ಲು, ಫಸಲೇ! ಅಲ್ಲೇ ನಿಲ್ಲು!"

ಆ ಫಸಲ್ ಈಗ ಇಪ್ಪತ್ತಮೂರರ ಯುವಕ. ಟೀವಿಯಲ್ಲಿ ಬರುವ ದೊಡ್ಡ ಲೀಗಿನಲ್ಲಿ ಎರಡು ವರ್ಷದಿಂದ ಆಡುತ್ತಿದ್ದಾನೆ. ಈ ವರ್ಷ ಅವನ ತಂಡ ಪಟ್ಟಿಯಲ್ಲಿ ನಾಲ್ಕನೆಯದಾಗಿ, ಬಾಗಿಲು ಮುಚ್ಚುವ ಹೊತ್ತಿಗೆ ಕಾಲು ತೂರಿಸಿದ ಹಾಗೆ, ಪ್ಲೇಆಫಿಗೆ ನುಗ್ಗಿತು. ಪ್ಲೇಆಫ್ ಎಂದರೆ ಸೋತವನಿಗೆ ನಾಳೆ ಎಂಬುದಿಲ್ಲ. ಸೆಮಿಫೈನಲ್ ಗೋವಾದಲ್ಲಿ, ಒಂದೇ ಆಟ. ಗೆದ್ದರೆ ಫೈನಲ್.

ಮಮ್ಮಾಲಿಗೆ ಆ ಫೈನಲ್ ಬೇಕಿತ್ತು. ಸೋದರಳಿಯನಿಗಾಗಿ ಎಂದು ಊರವರು ತಿಳಿದಿದ್ದರು. ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಇವನಿಗೆ ತನಗಾಗಿಯೂ ಬೇಕಿತ್ತು.

ಮೂವತ್ತೆಂಟು ವರ್ಷದ ಹಿಂದೆ ಕಲ್ಲಿಕೋಟೆಯಲ್ಲಿ ದೊಡ್ಡ ಕಂಪೆನಿಯೊಂದರ ಫುಟ್‌ಬಾಲ್ ತಂಡಕ್ಕೆ ಆಯ್ಕೆ ನಡೆದಿತ್ತು. ಆಯ್ಕೆಯಾದರೆ ಆಟವೂ ಉಂಟು, ಉದ್ಯೋಗವೂ ಉಂಟು. ಮಮ್ಮಾಲಿ ಸಾಲದ ಬೂಟು ಹಾಕಿಕೊಂಡು ಹೋದ. ಜನ್ಮದಲ್ಲಿ ಮೊದಲ ಸಲ ಹನ್ನೊಂದು ಜನರ ಆಟ. ಅಲ್ಲಿಯೂ ಗೋಲಿನ ಬಾಯಲ್ಲಿ ನಿಂತ, ಚೆಂಡು ಬಂತು, ಹೊಡೆದ. ಒಂದಲ್ಲ, ಐದು. ಪ್ರತಿ ಸಲವೂ ಗೆರೆಯಾಚೆ ಇದ್ದ ಮನುಷ್ಯನೊಬ್ಬ ಬಾವುಟ ಎತ್ತಿದ. ಸೆವೆನ್ಸಿನಲ್ಲಿ ಬಾವುಟದ ಮನುಷ್ಯ ಎಂಬವನೇ ಇಲ್ಲ, ಆಫ್‌ಸೈಡ್ ಎಂಬ ಕಾಯಿದೆಯೂ ಇಲ್ಲ. ಗೋಲಾಯಿತೆಂದು ಬಾವುಟ ಎತ್ತಿ ಖುಷಿಪಡುತ್ತಿದ್ದಾನೆ ಎಂದುಕೊಂಡು ಮಮ್ಮಾಲಿ ಐದು ಸಲವೂ ಅವನ ಕಡೆಗೆ ಕೈ ಬೀಸಿದ. ಕೊನೆಗೆ ಅಲ್ಲಿನ ಸಾಹೇಬರು ಬೆನ್ನು ತಟ್ಟಿ, "ಕಾಗದ ಬರ್ತದೆ, ಹೋಗು" ಎಂದರು. ಇವನು ಒಂದು ಕಿಲೋ ಕಲ್ಲಿಕೋಟೆ ಹಲ್ವ ಕಟ್ಟಿಸಿಕೊಂಡು ಬಂದು ಮನೆ ಮನೆಗೆ ಹಂಚಿದ. ಐದು ಗೋಲು ಹೊಡೆದವನನ್ನು ಬಿಟ್ಟು ಇನ್ಯಾರನ್ನು ತೆಗೆದುಕೊಳ್ಳುತ್ತಾರೆ?

ಮೂರು ತಿಂಗಳು ಅಂಚೆಯವನನ್ನು ಕಾದ. ಆಮೇಲೆ ಗೆಳೆಯ ಜಯಪಾಲನಿಗೆ ಇಡೀ ಆಟವನ್ನು ವಿವರಿಸಿದ. ಜಯಪಾಲ ಅವನ ಜತೆಯಲ್ಲೇ ಸೆವೆನ್ಸ್ ಆಡಿದವನು, ಆಗಷ್ಟೇ ಕನ್ನಡ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿ ಸೇರಿದ್ದ. ಬಾವುಟದ ಸುದ್ದಿ ಬಂದಾಗ ಜಯಪಾಲನ ಮುಖ ಸಣ್ಣದಾಯಿತು. "ಅದು ಗೋಲಲ್ಲ ಮಾರಾಯ. ಜೊತೆಯವ ಚೆಂಡು ಒದೆಯುವ ಗಳಿಗೆಯಲ್ಲಿ ನೀನು ಗೋಲ್‌ಕೀಪರನ್ನು ಬಿಟ್ಟು ಎದುರಾಳಿಯ ಕೊನೆಯ ಆಳಿಗಿಂತ ಮುಂದೆ ಇರಬಾರದು. ಅವನು ಒದೆದ ಮೇಲೆ ಓಡಬೇಕು. ಒಂದು ಹೆಜ್ಜೆ ತಡೆದಿದ್ರೆ ಆಗ್ತಿತ್ತು." ಹಲ್ವ ತಿಂದವರೆಲ್ಲ ಒಂದು ವರ್ಷ ನಕ್ಕರು. ಮಮ್ಮಾಲಿಯೂ ಅವರ ಜತೆ ನಕ್ಕ. ಆದರೆ ಅಂಚೆಯವನ ಸೈಕಲ್ಲಿನ ಬೆಲ್ ಕೇಳಿದರೆ ಎದೆ ಒಮ್ಮೆ ಹಾರುವುದು ಬಹಳ ಕಾಲ ನಿಲ್ಲಲಿಲ್ಲ.

ಇದು ಅಂಗಡಿಯಲ್ಲಿ ಹೇಳುವ ಕತೆಯಲ್ಲ. ಅಂಗಡಿಯಲ್ಲಿ ಗೆದ್ದ ಕತೆಗಳು ಮಾತ್ರ.

ಸೆಮಿಫೈನಲಿನ ಭಾನುವಾರ ಸಂಜೆ ಐದು ಗಂಟೆಗೆ ಊರಿನ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಲತೇಶ್ ಮಮ್ಮಾಲಿಯನ್ನೂ ಜಯಪಾಲ ಮಾಸ್ತರನ್ನೂ ಟೀವಿಯ ಎದುರಿನ ಕುರ್ಚಿಗಳಲ್ಲಿ ಕೂರಿಸಿದ. "ಮಮ್ಮಾಲಿಚ್ಚ, ಇವತ್ತು ನಿಮ್ಮ ಶಿಷ್ಯನದ್ದು ಎರಡು ಉಂಟು ನೋಡಿ!" ಎಂದು ಯಾರೋ ಹಿಂದಿನಿಂದ ಕೂಗಿದರು. ಮಮ್ಮಾಲಿ ತಿರುಗಿ ನೋಡಲಿಲ್ಲ. ಪರದೆಯ ಮೇಲೆ ಫಸಲ್ ಸಾಲಿನಲ್ಲಿ ನಿಂತಿದ್ದ, ಗಲ್ಲದ ಮೇಲೆ ಅವನಜ್ಜನದೇ ಗುಳಿ.

ಆಟ ಕೆಟ್ಟದಾಗಿ ಶುರುವಾಯಿತು. ಇಪ್ಪತ್ತನೇ ನಿಮಿಷಕ್ಕೇ ಗೋವಾದವರು ಒಂದು ಗೋಲು ಹಾಕಿದರು. ಆಮೇಲೆ ಹತ್ತು ಮಂದಿಯೂ ಹಿಂದೆ ನಿಂತು ಗೋಡೆ ಕಟ್ಟಿದರು. ಫಸಲ್ ಓಡಿದ, ಬಿದ್ದ, ಎದ್ದ. ಅವನ ಓಟವನ್ನು ಮಮ್ಮಾಲಿ ಎರಡು ವರ್ಷದಿಂದ ನೋಡುತ್ತಿದ್ದ. ಕೊನೆಯ ಆಳಿನ ಹೆಗಲಿಗೆ ಹೆಗಲು ಕೊಟ್ಟು, ಒಂದು ಹೆಜ್ಜೆ ತಡೆದು, ಚೆಂಡು ಹೊರಟ ಮೇಲೆ ಹಾರುವ ಓಟ. ಇದನ್ನು ಕಲಿಸಿದವರು ಬೇರೆ ಯಾರೋ. ನೋಡುವಾಗ ಹೆಮ್ಮೆಯೂ ಆಗುತ್ತಿತ್ತು, ಒಳಗೆ ಎಲ್ಲೋ ಉರಿಯೂ ಆಗುತ್ತಿತ್ತು. ಆ ಒಂದು ಹೆಜ್ಜೆ ತನಗೂ ಯಾರಾದರೂ ಕಲಿಸಿದ್ದರೆ?

ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಯಿತು. ಕೆಲವರು ನಮಾಜಿಗೆ ಎದ್ದು ಹೋದರು. ಮಮ್ಮಾಲಿ ಏಳಲಿಲ್ಲ. ಹುಟ್ಟಿಸಿದ ದೇವರು ಕ್ಷಮಿಸಲಿ ಎಂದುಕೊಂಡು ಕುರ್ಚಿಯ ಅಂಚಿಗೆ ಬಂದು ಕೂತ.

ತೊಂಬತ್ತು ನಿಮಿಷ ಮುಗಿದು ಹೆಚ್ಚಿಗೆ ಕೊಟ್ಟ ಮೂರು ನಿಮಿಷ ನಡೆಯುತ್ತಿತ್ತು. ಒಂದು ಕಾರ್ನರ್ ಆಗಿ ಚೆಂಡು ಗುಂಪಿನಿಂದ ಹೊರಗೆ ಬಂತು. ಎದುರಾಳಿಗಳು ಗೋಲಿನ ಬಾಯಿ ಬಿಟ್ಟು ಮುಂದಕ್ಕೆ ಓಡಿದರು. ಫಸಲ್ ಮಾತ್ರ ಗೋಲಿನ ಬಾಯಲ್ಲಿ ಉಳಿದ. ಹಿಂದೆ ಬರಲು ಅವನು ಕಾಲು ಎತ್ತಿದ್ದನ್ನು ಮಮ್ಮಾಲಿ ನೋಡಿದ. ಹದಿನೇಳು ವರ್ಷದ ಹಳೆಯ ಮಾತು ತನ್ನಿಂದ ತಾನೇ ಬಾಯಿಂದ ಹಾರಿತು.

"ಅಲ್ಲೇ ನಿಲ್ಲು, ಫಸಲೇ!"

ಫಸಲ್ ನಿಂತ. ಜೊತೆಯವನೊಬ್ಬ ಮತ್ತೆ ಒಳಕ್ಕೆ ಒದೆದ. ಚೆಂಡು ಬಂತು. ಒಂದು ತಟ್ಟು.

ಕ್ಲಬ್ಬಿನ ಹಂಚು ಹಾರಿಹೋಗುವ ಹಾಗೆ ಬೊಬ್ಬೆ ಎದ್ದಿತು. ಲತೇಶ್ ಮತ್ತು ಇನ್ನೊಬ್ಬ ಸೇರಿ ಮಮ್ಮಾಲಿಯನ್ನು ಹೆಗಲಿಗೆ ಎತ್ತಿದರು. ಮೇಲೆ ಕೂತದ್ದರಿಂದಲೋ ಏನೋ, ಟೀವಿಯ ಮೂಲೆಯಲ್ಲಿ ಕಂಡದ್ದನ್ನು ಇಡೀ ಕ್ಲಬ್ಬಿನಲ್ಲಿ ಮೊದಲು ಕಂಡವನು ಅವನೇ. ಗೆರೆಯಾಚೆ ಮನುಷ್ಯನೊಬ್ಬ ಬಾವುಟ ಎತ್ತಿದ್ದ. ಈ ಸಲ ಅದು ಏನೆಂದು ಮಮ್ಮಾಲಿಗೆ ಗೊತ್ತಿತ್ತು.

"ಇಳಿಸಿ" ಎಂದ. ಕೇಳಿಸಲಿಲ್ಲ. "ಇಳಿಸಿ ಮಕ್ಕಳೇ, ಗೋಲಲ್ಲ ಅದು."

ಫೈನಲ್ ತಪ್ಪಿತು, ಮರುದಿನದಿಂದ ಊರ ಬಾಯಿಗೆ ಮುಚ್ಚಳವಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರು. ಬೇಕರಿಯವನು ಮಾತ್ರ ಅಂಗಡಿಗೇ ಬಂದು, "ಮಮ್ಮಾಲಿಚ್ಚ, ಹಲ್ವ ಎಷ್ಟು ತರಿಸ್ಲಿ?" ಎಂದು ಕೇಳಿಯೇ ಬಿಟ್ಟ. ಮೊದಲಾದರೆ ಮಮ್ಮಾಲಿ ಅವನ ತಾತನ ಕಾಲದಿಂದ ಶುರುಮಾಡಿ ಜಾಲಾಡಿಸುತ್ತಿದ್ದ. ಈಗ ನಿಂಬೆಹಣ್ಣು ಕೊಯ್ಯುತ್ತಲೇ ಇದ್ದ. ಗಿರಾಕಿಗಳಿಗೆ ಕತೆಯಿಲ್ಲದೆ ಸೋಡ ಸಿಗತೊಡಗಿತು.

ನಾಲ್ಕನೇ ದಿನ ಬೆಳಗ್ಗೆ ರೈಲಿನಲ್ಲಿ ಫಸಲ್ ಊರಿಗೆ ಬಂದ ಎಂದು ಜಮೀಲಾ ಫೋನು ಮಾಡಿದಳು. "ಮಲಗಿದ್ದಾನೆ ಅಣ್ಣ, ಎದ್ದ ಮೇಲೆ ಅಲ್ಲಿಗೇ ಬರ್ತಾನೆ." ಊರಿಗೆ ಬಂದರೆ ಮೊದಲು ಮಾಮನ ಅಂಗಡಿ ಎಂಬುದು ಅವನ ರೂಢಿ. ಮಮ್ಮಾಲಿ ಗ್ಲಾಸು ತೊಳೆದು ಒಳ್ಳೆಯ ನಿಂಬೆ ಎರಡು ಬೇರೆ ತೆಗೆದಿಟ್ಟ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಫಸಲ್ ಬರಲಿಲ್ಲ. ಸರ್ವೀಸ್ ರಸ್ತೆಯಲ್ಲಿ ಸ್ಕೂಟರ್ ನಿಧಾನವಾದಾಗಲೆಲ್ಲ ಕತ್ತು ಹೊರಗೆ ಚಾಚಿದ. ಅಂಚೆಯವನನ್ನು ಕಾದ ಮೂರು ತಿಂಗಳು ಕೂಡ ಇಷ್ಟು ಉದ್ದ ಇರಲಿಲ್ಲ ಎನ್ನಿಸಿತು. ತನ್ನ ಆಟ ಹಾಳಾದದ್ದು ಹೋಗಲಿ, ಅದನ್ನೇ ಆ ಮಗುವಿನ ಕಾಲಿಗೂ ಕಟ್ಟಿ ಕಳುಹಿಸಿದೆನಲ್ಲ ಎಂದು ಅವನಿಗೆ ಅಳು ಬಂತು. ಅಂಗಡಿ ಬೇಗ ಮುಚ್ಚಿದ.

ಫಸಲ್ ಬಂದದ್ದು ಮರುದಿನ, ಬಿಸಿಲು ಇಳಿಯುವ ಹೊತ್ತಿಗೆ. ಜಯಪಾಲ ಬೆಂಚಿನಲ್ಲಿ ಪೇಪರ್ ಓದುತ್ತ ಕೂತಿದ್ದ.

"ಮಾಮ, ಒಂದು ಲೈಮ್ ಸೋಡ."

ಮಮ್ಮಾಲಿ ನಿಂಬೆ ಹಿಂಡಿದ, ಉಪ್ಪು ಹಾಕಿದ, ಸೋಡ ಒಡೆದ. ಮುಖ ಎತ್ತಲಿಲ್ಲ.

"ನಿನ್ನೆ ಬರ್ಲಿಲ್ಲ ನೀನು."

"ನಿಮ್ಮ ಮುಖ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾಮ. ನಿಮಗೆ ಫೈನಲ್ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತಿಲ್ವಾ?"

ಮಮ್ಮಾಲಿ ಗ್ಲಾಸನ್ನು ಅವನ ಮುಂದಿಟ್ಟ. ಇಡೀ ಒಂದು ದಿನ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಕೂತಿದ್ದರು.

"ಅವತ್ತು ಎಂತ ಆಯ್ತು ಫಸಲೇ?"

"ಗೊತ್ತಿಲ್ಲ. ಹಿಂದೆ ಬರಬೇಕು ಅಂತ ಉಂಟು ತಲೆಯಲ್ಲಿ. ಆದ್ರೆ ಆ ಗಳಿಗೆಗೆ ಸ್ಟೇಡಿಯಂ ಇಲ್ಲ, ಲೈಟ್ ಇಲ್ಲ, ಎಂತದೂ ಇಲ್ಲ. ನಮ್ಮ ಗದ್ದೆಯಲ್ಲಿ ನಿಂತ ಹಾಗೆ ಆಯ್ತು. ನೀವು ಬದುವಿನಿಂದ ಕೂಗಿದ ಹಾಗೆ."

"ಕೂಗಿದ್ದು ಹೌದು" ಎಂದ ಮಮ್ಮಾಲಿ. "ಟೀವಿಗೆ ಕೂಗಿದ್ದು. ಈ ಮಾಸ್ತರನ್ನು ಕೇಳು. ಕೆಡಿಸಿದ್ದು ನಾನೇ ಮಗಾ."

ಫಸಲ್ ಸೋಡ ಒಂದೇ ಉಸಿರಿಗೆ ಕುಡಿದು ಗ್ಲಾಸು ಇಟ್ಟ. "ನೀವು ಕೂಗದಿದ್ರೆ ನಾನು ಫುಟ್‌ಬಾಲೇ ಆಡ್ತಿರ್ಲಿಲ್ಲ. ಅದನ್ನೂ ಹೇಳಿ."

ಜಯಪಾಲ ಪೇಪರ್ ಮಡಚಿ, "ಮುಂದಿನ ವರ್ಷದ್ದು ಎಂತ ಮಾರಾಯ? ಅವರೇ ಇಟ್ಕೊಳ್ತಾರಾ?" ಎಂದು ಕೇಳಿದ.

"ಕಾಂಟ್ರಾಕ್ಟ್ ಮುಗೀತು. ಮೇಲ್ ಬರ್ತದೆ ಅಂತ ಹೇಳಿದ್ದಾರೆ, ಬೆನ್ನು ತಟ್ಟಿ."

ಮಮ್ಮಾಲಿಗೆ ಆ ಮಾತು ಗುರುತು ಸಿಕ್ಕಿತು. ಬೆನ್ನಿನ ಮೇಲೆ ಆ ಕೈಯೂ ಗುರುತು ಸಿಕ್ಕಿತು. ಎದುರಿಗೆ ನಿಂತ ಹುಡುಗ ನಗುತ್ತಿದ್ದ, ತಾನೂ ಹಲ್ವದ ಪೊಟ್ಟಣ ಹಿಡಿದು ಹೀಗೆಯೇ ನಕ್ಕಿದ್ದ. ಮಮ್ಮಾಲಿ ಅಂಗಡಿ ಮುಚ್ಚುವ ಹಲಗೆ ಹಾಕತೊಡಗಿದ.

"ಬನ್ನಿ, ಗದ್ದೆಗೆ ಹೋಗುವ" ಎಂದ ಫಸಲ್. "ಮಾಸ್ಟ್ರೇ, ನೀವೂ ಬನ್ನಿ. ಬೈರಾಸು ತನ್ನಿ."

ಗದ್ದೆಯಲ್ಲಿ ಎರಡು ಕೋಲು ನೆಟ್ಟು ಗೋಲು ಮಾಡಿದರು. ಗೋಲ್‌ಕೀಪರಿನ ಜಾಗಕ್ಕೆ ಖಾಲಿ ಸೋಡಾ ಪೆಟ್ಟಿಗೆ. ಅದರಿಂದ ಹದಿನೈದು ಹೆಜ್ಜೆ ಈಚೆಗೆ ಜಯಪಾಲ ಎದುರಾಳಿಯ ಕೊನೆಯ ಆಳು, ಹೆಗಲ ಮೇಲಿನ ಬೈರಾಸು ಟವೆಲಿನ ದೆಸೆಯಿಂದ ಬಾವುಟದವನೂ ಅವನೇ. ಫಸಲ್ ದೂರದಲ್ಲಿ ಚೆಂಡಿಟ್ಟುಕೊಂಡು ನಿಂತ. ಮಮ್ಮಾಲಿ ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟಿದ.

"ಮಾಸ್ಟ್ರ ಹೆಗಲಿಗೆ ಹೆಗಲು, ಮಾಮ. ನನ್ನ ಕಾಲು ನೋಡಿ. ಚೆಂಡು ಬಿಟ್ಟ ಮೇಲೆ ಓಡಿ."

ಮೊದಲ ಸಲ ಫಸಲ್ ಕಾಲು ಎತ್ತುವ ಮೊದಲೇ ಮಮ್ಮಾಲಿ ಹೊರಟಿದ್ದ. ಬೈರಾಸು ಮೇಲೆ ಹೋಯಿತು. ಎರಡನೆಯದಕ್ಕೂ ಹೋಯಿತು. ಮೂರನೆಯದಕ್ಕೆ ಮಮ್ಮಾಲಿ, "ಕಾಲು ನನ್ನ ಮಾತು ಕೇಳುದಿಲ್ಲ ಮಾರಾಯ" ಎಂದು ಬೈದುಕೊಂಡ. ನಾಲ್ಕು, ಐದು. ಐದನೇ ಬೈರಾಸು ಇಳಿದಾಗ ಯಾರೂ ನಗಲಿಲ್ಲ, ಆ ಲೆಕ್ಕ ಮೂವರಿಗೂ ತಿಳಿದಿತ್ತು. ಮಮ್ಮಾಲಿ ಮೊಣಕಾಲಿಗೆ ಕೈ ಊರಿ ಏದುಸಿರು ಬಿಟ್ಟ.

"ಸಾಕು ಮಾಡುವಾ?" ಎಂದು ಜಯಪಾಲ ಮೆಲ್ಲಗೆ ಕೇಳಿದ.

"ಇನ್ನೊಂದು."

ಫಸಲ್ ಒದೆದ. ಚೆಂಡು ಅವನ ಕಾಲು ಬಿಟ್ಟಿತು. ಮಮ್ಮಾಲಿ ತಡೆದು ನಿಂತ. ಮೂವತ್ತೆಂಟು ವರ್ಷ ಬೇಕಾಯಿತು ಆ ಒಂದು ಹೆಜ್ಜೆ ತಡೆಯಲಿಕ್ಕೆ. ಆಮೇಲೆ ಓಡಿದ. ಕೊಯ್ದ ಪೈರಿನ ಕೂಳೆ ಅಂಗಾಲಿಗೆ ಚುಚ್ಚಿತು, ಎದೆ ಹೊಡೆದುಕೊಂಡಿತು, ಚೆಂಡು ಮುಂದೆ ಉರುಳುತ್ತಲೇ ಇತ್ತು. ಕಾಲಿನ ತುದಿ ಬೆರಳಿನಿಂದ ಒಂದು ತಟ್ಟು. ಪೆಟ್ಟಿಗೆಯ ಬದಿ ಸವರಿಕೊಂಡು ಚೆಂಡು ಎರಡು ಕೋಲುಗಳ ನಡುವೆ ಹೋಯಿತು.

ಮಮ್ಮಾಲಿ ಕೈ ಎತ್ತಲಿಲ್ಲ. ಮೊದಲು ಹಿಂದೆ ತಿರುಗಿ ಜಯಪಾಲನನ್ನು ನೋಡಿದ. ಬೈರಾಸು ಹೆಗಲ ಮೇಲೆಯೇ ಇತ್ತು.

"ಎತ್ತಲಿಲ್ಲ ಅಲ್ವಾ ನೀನು?"

"ಇಲ್ಲ" ಎಂದ ಜಯಪಾಲ. "ಗೋಲ್, ಮಾರಾಯ."

ಮಮ್ಮಾಲಿ ಸೋಡಾ ಪೆಟ್ಟಿಗೆಯ ಮೇಲೆ ಕೂತು ಪಂಚೆಯ ತುದಿಯಿಂದ ಮುಖ ಒರೆಸಿದ. ಬಹಳ ಹೊತ್ತು ಒರೆಸಿದ. ಮತ್ತೆ ಇಬ್ಬರ ಕಡೆಗೂ ನೋಡಿ, ನಗಿಸಲಿಕ್ಕೆಂದೇ ಹೇಳಿದ.

"ಹಾಗಾದ್ರೆ ಕಾಗದ ಬರ್ಲಿಕ್ಕೆ ಉಂಟು."

ಯಾರೂ ನಗಲಿಲ್ಲ. ಫಸಲ್ ಕಿಸೆಯಿಂದ ಮೊಬೈಲ್ ತೆಗೆದು ಒಮ್ಮೆ ನೋಡಿ, ಮತ್ತೆ ಒಳಗಿಟ್ಟ.