ಅಜ್ಜನೋ, ಮರಿಯೋ

ಕ್ಷೌರದಂಗಡಿಯವನಿಗೂ ಅವನ ಭಾವನಿಗೂ ಮೂವತ್ತು ವರ್ಷಗಳಿಂದ ನಡೆದುಕೊಂಡು ಬಂದ ಜಗಳವೊಂದಿತ್ತು. ಅದು ಆಸ್ತಿಯದ್ದಲ್ಲ, ಕಾರು ರ‍್ಯಾಲಿಯದು. ಭಾವ ಅಂದರೆ ಅವನ ಅಕ್ಕನ ಗಂಡ. ಬೆಟ್ಟದ ದಾರಿಯಲ್ಲಿ ಮೂವತ್ತಾರು ವರ್ಷ ಬಸ್ಸು ಓಡಿಸಿದವರು. ಅವರ ಲೆಕ್ಕದಲ್ಲಿ ಲೋಕದಲ್ಲಿ ಆಟ ಅಂತ ಇದ್ದದ್ದು ಅದೊಂದೇ. ರಸ್ತೆ ಮುಚ್ಚಿ ಒಂದೊಂದೇ ಕಾರನ್ನು ಬಿಡುತ್ತಾರೆ, ಎದುರಾಳಿ ಗಡಿಯಾರ ಮಾತ್ರ. ಪಕ್ಕದಲ್ಲಿ ಕೂತವನು ಮುಂದಿನ ತಿರುವು ಎಂಥದ್ದೆಂದು ಪುಸ್ತಕ ನೋಡಿ ಓದುತ್ತಾನೆ, ಡ್ರೈವರು ಅವನ ಮಾತು ನಂಬಿ ಕಾಣದ ತಿರುವಿಗೆ ಗಾಡಿ ನುಗ್ಗಿಸುತ್ತಾನೆ.

ಭಾನುವಾರ ಬೆಳಿಗ್ಗೆ ಭಾವ ಅಂಗಡಿಗೆ ಬಂದರೆ ಮುಗಿಯಿತು. ಬಾಚಣಿಗೆಗಳ ಡಬ್ಬಕ್ಕೆ ಮೊಬೈಲು ಒರಗಿಸಿ, ಅದರೆದುರು ಇಬ್ಬರೂ ಕುತ್ತಿಗೆ ಚಾಚುತ್ತಿದ್ದರು. ಭಾವನ ಕಡೆಯವನು ಏಳು ಸಲ ಗೆದ್ದ ಹಳೇ ಹುಲಿ. ಅಭಿಮಾನಿಗಳು ಅವನನ್ನು 'ಅಜ್ಜ' ಅನ್ನುತ್ತಿದ್ದರು. ಅಂಗಡಿಯವನ ಕಡೆಯವನು ಅದೇ ತಂಡದ ಇಪ್ಪತ್ನಾಲ್ಕರ ಹುಡುಗ, 'ಮರಿ'.

"ನಿಮ್ಮ ಅಜ್ಜ ನನಗಿಂತ ನಾಲ್ಕು ವರ್ಷ ಚಿಕ್ಕೋನು ಭಾವ. ಅವನು ಅಜ್ಜ ಆದ್ರೆ ನಾನೇನು, ಮುತ್ತಜ್ಜನಾ?"

"ಅಜ್ಜ ಅನ್ನಿಸ್ಕೊಳ್ಳೋಕೆ ವಯಸ್ಸಲ್ಲ ಕಣೋ, ಹದ ಬೇಕು. ನಿನ್ನ ಮರಿ ನೋಡು, ತಿರುವು ಬಂತು ಅಂದ್ರೆ ಗಾಡಿ ಬಾಲ ರಸ್ತೆ ತುಂಬಾ ಆಡುತ್ತೆ. ಅದು ಓಡ್ಸೋದಲ್ಲ, ಗುಡಿಸೋದು."

"ಗುಡಿಸ್ಕೊಂಡೇ ನಾಲ್ಕು ಸೆಕೆಂಡ್ ಮುಂದಿದಾನಲ್ಲ?"

"ಟೈರ್ ಸವೀಲಿ ತಾಳು."

ಒಮ್ಮೆ ಹೀಗೇ ಮಾತು ಏರಿದಾಗ, ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೊಬ್ಬ ಸೋಪು ತಾನೇ ಒರೆಸಿಕೊಂಡು, "ನಿಮ್ಮ ರೇಸು ಮುಗಿದ ಮೇಲೆ ಹೇಳಿ ಕಳಿಸಿ, ಉಳಿದರ್ಧಕ್ಕೆ ಬರ‍್ತೀನಿ" ಎಂದು ಎದ್ದು ಹೋಗಿದ್ದ.

ಡ್ರೈವರುಗಳ ಮಾತು ಸಾಕಾದರೆ ರ‍್ಯಾಲಿಯ ಮುಂದಿನ ಗತಿ ಏನು ಎಂಬ ಮಾತು. ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟು, ಮೇಲಿನ ದರ್ಜೆಯಲ್ಲಿ ಹತ್ತು ಕಾರು ಉಳಿದಿದ್ದವು. "ಹತ್ತರಲ್ಲಿ ಮೂರು ಗುಂಡಿಗೆ ಬೀಳುತ್ತೆ. ಉಳಿದ ಏಳನ್ನ ರ‍್ಯಾಲಿ ಅಂತ ಕರೀಬೇಕಾ? ಮೆರವಣಿಗೆ ಅನ್ನು" ಎಂದು ಭಾವ ಸಿಡುಕುತ್ತಿದ್ದರು. ಹೊಸ ನಿಯಮ ಬರುತ್ತೆ, ಕಾರು ಅಗ್ಗವಾಗುತ್ತೆ, ಸಣ್ಣ ತಂಡದವರೂ ಬರುತ್ತಾರೆ ಎಂದು ಅಂಗಡಿಯವನ ವಾದ. ಅಗ್ಗದ ಕಾರು ನಿಧಾನ ಓಡುತ್ತೆ ಎಂದು ಭಾವ. ನಿಧಾನ ಓಡಿದರೆ ಡ್ರೈವರಿನ ಕೈಚಳಕ ಕಾಣುತ್ತೆ ಎಂದು ಇವನು. ಇಬ್ಬರಲ್ಲಿ ಒಬ್ಬರೂ ಒಮ್ಮೆಯೂ ಸೋತದ್ದಿಲ್ಲ.

ಹೋದ ವರ್ಷ ಭಾವನ ಕಣ್ಣು ಹೋಯಿತು. ಏಕಾಏಕಿ ಏನಲ್ಲ, ಕಣ್ಣಿನ ನರ ಬಹಳ ದಿನದಿಂದ ಒಣಗುತ್ತಾ ಬಂದಿತ್ತಂತೆ. ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಬೆಳಕು ಯಾವುದು, ನೆರಳು ಯಾವುದು ಎನ್ನುವಷ್ಟು ಉಳಿಯಿತು. ಮೊದಮೊದಲು ಅಕ್ಕನ ಕೈ ಹಿಡಿದು ಅಂಗಡಿಗೆ ಬಂದರು. ಅಂಗಡಿಯವನು ಅವರಿಗೆ ಎದುರಾಡುವುದನ್ನೇ ಬಿಟ್ಟ. ಅವರು "ಅಜ್ಜನೇ ಅಜ್ಜ" ಎಂದರೆ "ಹೌದು ಭಾವ" ಎನ್ನುತ್ತಿದ್ದ. "ರ‍್ಯಾಲಿ ಕತೆ ಮುಗೀತು" ಎಂದರೆ "ಏನೋಪ್ಪ, ಹಾಗೇ ಕಾಣುತ್ತೆ" ಎನ್ನುತ್ತಿದ್ದ. ಇನ್ನೇನು ಮಾಡಿಯಾನು? ಕಣ್ಣಿಲ್ಲದ ಮನುಷ್ಯನ ಜೊತೆ ಯಾವ ಬಾಯಿಂದ ಜಗಳ ಆಡುವುದು?

ನಾಲ್ಕೈದು ಭಾನುವಾರ ಕಳೆಯುವಷ್ಟರಲ್ಲಿ ಭಾವ ಬರುವುದನ್ನೇ ನಿಲ್ಲಿಸಿದರು.

ಒಂದು ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಅವಳು ಸ್ಕೂಲು ಮಕ್ಕಳ ಸಮವಸ್ತ್ರ ಹೊಲಿಯುವವಳು. ಸೀರೆಯ ಸೆರಗಿಗೆ ಎರಡು ಗುಂಡುಸೂಜಿ ಸದಾ ಚುಚ್ಚಿರುತ್ತಿದ್ದವು. ಗಿರಾಕಿ ಇಲ್ಲದ ಕುರ್ಚಿಯಲ್ಲಿ ಕೂತು, "ಮನೇಲಿ ಮಾತೇ ಇಲ್ಲ ಕಣೋ" ಎಂದಳು. "ನಾನು ಮೊಬೈಲ್ ನೋಡಿ ಯಾರು ಎಷ್ಟು ಸೆಕೆಂಡು ಅಂತ ಓದಿ ಹೇಳ್ತೀನಿ. ಕಿವಿಗೆ ಹಾಕ್ಕೊಳ್ಳಲ್ಲ. ಹಾಕು ಅತ್ತ ಅಂತಾರೆ. ಓದಿ ಓದಿ ನನಗೇ ಈಗ ಅದರ ಹುಚ್ಚು ಹಿಡಿದಿದೆ, ಅವರಿಗೆ ಬಿಟ್ಟಿದೆ."

ಮುಂದಿನ ತಿಂಗಳ ರ‍್ಯಾಲಿ ಅವರ ಊರಿನಿಂದ ಮೂರು ಗಂಟೆ ದೂರದ ಕಾಡಿನಲ್ಲೇ ಹಾದುಹೋಗುವುದಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಸಿಗುವಂಥ ಭಾಗ್ಯ. ಅಂಗಡಿಯವನು ಭಾವನ ಮನೆಗೆ ಹೋಗಿ ಕೇಳಿದ.

"ಕುರುಡ ಹೋಗಿ ಏನು ನೋಡ್ಲಿ?" ಎಂದರು ಭಾವ.

"ನೋಡೋರು ನೋಡ್ತಾರೆ. ನೀವು ಬನ್ನಿ" ಎಂದಳು ಅಕ್ಕ. ಅವಳು ಹಾಗೆಂದ ಮೇಲೆ ಆ ಮನೆಯಲ್ಲಿ ಎದುರು ಮಾತಿರಲಿಲ್ಲ.

ಆ ದಿನ ಮೂವರೂ ಮೊದಲ ಬಸ್ಸಿಗೆ ಹೊರಟು, ಕಡೆಯ ನಿಲ್ದಾಣದಲ್ಲಿಳಿದು, ಕಾಡಿನ ಏರುದಾರಿಯಲ್ಲಿ ಅರ್ಧ ಗಂಟೆ ನಡೆದರು. ಅಂಗಡಿಯವನು ಒಳ್ಳೆಯ ಜಾಗ ಹುಡುಕಿದ. ಕೆಳಗಿನಿಂದ ನೆಟ್ಟಗೆ ಬಂದ ಮಣ್ಣು ರಸ್ತೆ ಒಂದು ಬಂಡೆ ಸುತ್ತಿ ಚೂಪಾಗಿ ಎಡಕ್ಕೆ ಹೊರಳುತ್ತಿತ್ತು. ಜನ ನಿಲ್ಲಲೆಂದು ಕಟ್ಟಿದ ಹಗ್ಗ ಆ ತಿರುವಿನ ಮೇಲಿನ ದಿಬ್ಬದಲ್ಲಿತ್ತು. ಹಗ್ಗದ ಹಿಂದೆ ಅಕ್ಕ ಮಡಚುವ ಸ್ಟೂಲು ಹಾಕಿ ಗಂಡನನ್ನು ಕೂರಿಸಿದಳು. ಭಾವ ಕೂತ ಜಾಗದಲ್ಲೇ ಮಣ್ಣು ಮುಟ್ಟಿ, ಬೆರಳಲ್ಲಿ ಹೊಸಕಿದರು.

"ಮೇಲೆ ಪುಡಿ, ಕೆಳಗೆ ಗಟ್ಟಿ. ಮೊದಲು ಬರೋರಿಗೆ ಜಾರುತ್ತೆ" ಎಂದರು. ಅವರ ದನಿಯಲ್ಲಿ ಬಹಳ ದಿನದ ಮೇಲೆ ಜೀವ ಬಂದಿತ್ತು. "ಯಾರು ಯಾವಾಗ ಬರ‍್ತಾರೆ ಅಂತ ನನಗೆ ಹೇಳಬೇಡಿ. ನಾನೇ ಹಿಡೀತೀನಿ."

ಮೊದಲ ಕಾರು ದೂರದಲ್ಲಿ ಗುರುಗುಟ್ಟಿತು, ಮರಗಳ ಹಿಂದೆ ಏರಿತು, ಕಲ್ಲುಗಳನ್ನು ಚಿಮ್ಮಿಸುತ್ತಾ ಬಂಡೆ ಸುತ್ತಿ ಹೋಯಿತು. "ಇವನು ಭಯಸ್ಥ" ಎಂದರು ಭಾವ. ಎರಡನೆಯದಕ್ಕೆ, "ಇವನಿಗೆ ಗೇರು ಸಿಗಲಿಲ್ಲ" ಎಂದರು. ಅಂಗಡಿಯವನು ನೋಡಿದ: ನಿಜವಾಗಿಯೂ ಸಿಕ್ಕಿರಲಿಲ್ಲ, ಕಾರು ಎಡವಿದಂತೆ ಮುಗ್ಗರಿಸಿತ್ತು.

ಮೂರನೆಯ ಕಾರು ಬಂತು. ಎಂಜಿನ್ನಿನ ಸದ್ದು ಒಂದೇ ಎಳೆಯಲ್ಲಿ ಏರಿತು. ತಿರುವಿಗೆ ಬಹಳ ಮುಂಚೆಯೇ, ಯಾರೋ ಹೆಗಲ ಮೇಲೆ ಕೈಯಿಟ್ಟು ಹೇಳಿದ ಹಾಗೆ, ಒಂದೇ ಒಂದು ಸಲ ಇಳಿಯಿತು. ಕಾರು ಬಂಡೆಗೆ ಸವರಿಕೊಂಡಂತೆ ಹೊರಳಿತು. ಸದ್ದು ಮತ್ತೆ ಏರಿ ಕಾಡಿನೊಳಗೆ ಹೋಯಿತು. ಭಾವ ಸ್ಟೂಲಿನಿಂದ ಅರ್ಧ ಎದ್ದಿದ್ದರು. ಅವರ ಕಣ್ಣಲ್ಲಿ ನೀರಿತ್ತು.

"ಕೇಳಿದ್ಯೇನೋ? ಕಾಲು ಎಲ್ಲಾದ್ರೂ ತಡವರಿಸ್ತಾ? ಬೆಣ್ಣೇಲಿ ಕೂದಲು ತೆಗೆದ ಹಾಗೆ! ಅಜ್ಜ ಅಂದ್ರೆ ಅಜ್ಜ. ನಿನ್ನ ಮರಿ ಏಳು ಜನ್ಮ ಎತ್ತಿದ್ರೂ ಹೀಗೆ ಓಡಿಸ್ತಾನಾ?"

ಹೋದದ್ದು ಮರಿ. ಬಾಗಿಲ ಮೇಲಿನ ನಂಬರು ಅಂಗಡಿಯವನು ಕಣ್ಣಾರೆ ನೋಡಿದ್ದ. ಇಷ್ಟು ವರ್ಷದ ಜಗಳ ಗೆಲ್ಲಲು ಒಂದು ಮಾತು ಸಾಕಿತ್ತು. ಆದರೆ ಭಾವನ ಮುಖ ಹಬ್ಬವಾಗಿತ್ತು. ಅದರ ಮೇಲೆ ನೀರೆರಚಲು ಅವನಿಗೆ ಮನಸ್ಸಾಗಲಿಲ್ಲ.

"ಹೌದು ಭಾವ" ಎಂದ. "ಅಜ್ಜನೇ."

ಎರಡು ನಿಮಿಷಕ್ಕೆ ಇನ್ನೊಂದು ಕಾರು, ಅದೇ ತಂಡದ್ದು, ಅದೇ ಎಂಜಿನ್ನು. ತಿರುವಿನ ಹತ್ತಿರ ಸದ್ದು ಒಮ್ಮೆ ಇಳಿಯಿತು, ಏರಲು ಹೋಯಿತು, ಮತ್ತೆ ಕೊಂಚ ಇಳಿಯಿತು.

"ಇದೋ ನೋಡು, ಇದು ನಿನ್ನ ಮರಿ" ಎಂದು ಭಾವ ನಕ್ಕರು. "ಹೋಗ್ಲಾ ಬೇಡ್ವಾ ಅಂತ ಕೇಳ್ತಾ ಇದಾನೆ."

"ಹೌದು" ಎಂದ ಅಂಗಡಿಯವನು. ಅದು ಅಜ್ಜ.

ಅಕ್ಕ ಇಬ್ಬರನ್ನೂ ನೋಡಿದಳು. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಗಂಡನ ಕೈಗೆ ಲೋಟ ಕೊಟ್ಟು, ಅದು ಭದ್ರವಾಗಿ ಹಿಡಿಗೆ ಸಿಕ್ಕಿತೆಂದು ನೋಡಿಕೊಂಡ ಮೇಲೆ ಹೇಳಿದಳು: "ರೀ, ಅವನು ಸುಳ್ಳು ಹೇಳ್ತಿದಾನೆ. ಮೊದಲು ಹೋದದ್ದು ಮರಿ. ಆಮೇಲೆ ಹೋದದ್ದು ಅಜ್ಜ."

"ಅಕ್ಕಾ!" ಎಂದ ಅಂಗಡಿಯವನು.

"ಏನು ಅಕ್ಕ? ಹೋದ ವರ್ಷ ಪಲ್ಟಿ ಹೊಡೆದು ಭುಜ ಮುರಕೊಂಡ ಮೇಲೆ ಮರಿ ಓಡಿಸೋ ರೀತಿನೇ ಬದಲಾಗಿದೆ. ತಿಂಗಳುಗಟ್ಟಲೆ ಓದಿ ಹೇಳಿದೀನಿ. ಇವರು ಕೇಳಿಸ್ಕೊಂಡಿದ್ರೆ ತಾನೇ?"

ಇನ್ನೆರಡು ಕಾರು ಹೋದವು. ಅವಕ್ಕೆ ಭಾವ ತಲೆಯನ್ನೂ ತಿರುಗಿಸಲಿಲ್ಲ. ಆಮೇಲೆ ಬಾಮೈದನಿದ್ದ ಕಡೆಗೆ ಮುಖ ಮಾಡಿದರು.

"ನನ್ನ ತಂಗಿ ಮದುವೇಲೂ ನನ್ನ ಜೊತೆ ಜಗಳ ಆಡಿದೋನು ನೀನು. ನಾನು ಆಸ್ಪತ್ರೇಲಿ ಹೊಟ್ಟೆ ಆಪರೇಶನ್ ಮಾಡಿಸ್ಕೊಂಡು ಮಲಗಿದ್ದಾಗ, ಹೊಲಿಗೆ ಬಿಚ್ಚೋಕೆ ಮುಂಚೆ ಬಂದು, ಅಜ್ಜ ಸೋತ ಅಂತ ಹೇಳಿ ನಕ್ಕೋನು. ಒಂದು ವರ್ಷದಿಂದ ಹೂಂ ಅಂತೀಯ. ನಾನು ಏನಂದ್ರೂ ಹೂಂ. ಕಣ್ಣು ಹೋದದ್ದು ನನಗೆ ಕಣೋ. ನಾಲಿಗೆ ಹೋದದ್ದು ನಿನಗಾ?"

"ನಿಮಗೆ ನೋವಾಗುತ್ತೆ ಅಂತ..."

"ಮನೆಗೆ ಬಂದೋರೆಲ್ಲ ಪಿಸಪಿಸ ಅಂತ ಮಾತಾಡ್ತಾರೆ, ನಾನು ಕುರುಡ ಅಲ್ಲ, ಸತ್ತಿದೀನಿ ಅನ್ನೋ ಹಾಗೆ. ನಿನ್ನ ಅಂಗಡಿ ಒಂದಿತ್ತು ನನಗೆ, ಬೈಸ್ಕೊಳ್ಳೋಕೆ. ಅದನ್ನೂ ತೆಗೆದ್ಯಲ್ಲೋ."

ಭಾವ ಅಂಗಡಿಗೆ ಬರುವುದನ್ನು ಬಿಟ್ಟದ್ದು ಕಣ್ಣಿನಿಂದಲ್ಲ, ತನ್ನಿಂದ ಎಂಬುದು ಅಂಗಡಿಯವನಿಗೆ ಆಗ ಹೊಳೆಯಿತು. ಅವನು ಸ್ಟೂಲಿನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತ.

"ಸರಿ ಹಾಗಾದ್ರೆ ಕೇಳಿ" ಎಂದ, ಮೊದಲು ಮೆಲ್ಲಗೆ, ಆಮೇಲೆ ದನಿ ಏರಿಸಿ. "ನಿಮ್ಮ ಅಜ್ಜನ ಕತೆ ಮುಗೀತು. ಬಂಡೆ ಹತ್ರ ಎರಡು ಸಲ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ. ಒಂದು ಮೊಳ ಜಾಗ ಬಿಟ್ಟು ತಿರುಗಿಸಿದ. ನನ್ನ ಮರಿ ಬಂಡೇನ ಮುದ್ದು ಮಾಡಿ ಹೋದ. ನೀವೇ ಎದ್ದು ನಿಂತ್ರಿ! ಕಣ್ಣೀರು ಹಾಕಿದ್ರಿ!"

"ಧೂಳು ಬಿದ್ದಿತ್ತು."

"ಧೂಳಂತೆ!"

ಭಾವ ನಕ್ಕರು. ನಗು ನಿಂತ ಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ಎರಡನೇ ಸಲ ಕಾಲು ತೆಗೆದ ಅಂದ್ಯಲ್ಲ, ಅದು ನನಗೆ ಗೊತ್ತು" ಎಂದರು. "ಕೊನೇ ಆರು ತಿಂಗಳು ನನ್ನ ಕಾಲಲ್ಲೂ ಅದೇ ಇತ್ತು. ದಿನಾ ಹೋಗೋ ತಿರುವು, ಕಣ್ಣು ಮುಚ್ಕೊಂಡು ಹೋಗ್ತಿದ್ದೆ. ಒಂದು ದಿನ ಕಾಲು ತಾನಾಗೇ ಮೇಲೆ ಬಂತು. ಹಿಂದೆ ನಲವತ್ತು ಜನ ಕೂತಿದ್ರು. ಡಾಕ್ಟರು ಹೇಳೋಕೆ ಮುಂಚೆನೇ ಕೀ ಕೊಟ್ಟು ಬಂದೆ. ಮಂಡಿ ನೋವು ಅಂತ ಎಲ್ಲರಿಗೂ ಹೇಳ್ದೆ."

ಅಕ್ಕನಿಗೂ ಅದು ಗೊತ್ತಿರಲಿಲ್ಲ. ಅವಳು ಗಂಡನ ಭುಜದ ಮೇಲಿನ ಧೂಳು ಕೊಡವಿದಳು, ಇಲ್ಲದ ಧೂಳನ್ನೂ ಕೊಡವಿದಳು.

"ಅಜ್ಜ ಬಿಡ್ತಾನೆ ನೋಡು" ಎಂದರು ಭಾವ. "ಈ ವರ್ಷ ದಾಟಲ್ಲ. ಬಿಡಬೇಕು. ಒಳ್ಳೇ ಡ್ರೈವರ್ ಆದ್ರೆ ಅವನಿಗೇ ಗೊತ್ತಾಗುತ್ತೆ."

ವಾಪಸ್ಸು ಬರುವ ಬಸ್ಸಿನಲ್ಲಿ ಮೂರು ಗಂಟೆಯೂ ವಾದ ನಡೆಯಿತು. ಬ್ಯಾಟರಿ ಕಾರು ಬಂದರೆ ಸದ್ದಿರುವುದಿಲ್ಲ, ಆಗ ನನ್ನಂಥವನ ಗತಿ ಏನು ಎಂದು ಭಾವ. ಸದ್ದಿಲ್ಲದಿದ್ದರೆ ಕಲ್ಲು ಉರುಳುವುದು, ಟೈರು ಕಿರುಚುವುದು ಎಲ್ಲಾ ಇನ್ನೂ ಚೆನ್ನಾಗಿ ಕೇಳುತ್ತೆ ಎಂದು ಬಾಮೈದ. ಮುಂದಿನ ಸೀಟಿನವನೊಬ್ಬ ತಿರುಗಿ, "ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ?" ಎಂದು ಕೇಳಿದ. "ಆಗಲ್ಲ" ಎಂದಳು ಅಕ್ಕ.

ಭಾವ ಹೇಳಿದ ಹಾಗೇ ಆಯಿತು. ವರ್ಷದ ಕೊನೆಯ ರ‍್ಯಾಲಿಯಲ್ಲಿ ಐದನೆಯವನಾಗಿ ಬಂದ ಅಜ್ಜ, ಹೆಲ್ಮೆಟ್ಟನ್ನು ಮರಿಯ ಕೈಗೆ ಕೊಟ್ಟು ಮನೆಗೆ ಹೋದ. ಆ ವಾರ ಭಾವ ಸಪ್ಪಗಿದ್ದರು. ಅಂಗಡಿಯವನು ಮಾತ್ರ ಈ ಸಲ ಕನಿಕರ ತೋರಿಸಲಿಲ್ಲ. ದಿನಾ ಫೋನು ಮಾಡಿ ಕೆಣಕಿದ.

ಹೊಸ ವರ್ಷದ ಮೊದಲ ರ‍್ಯಾಲಿಯ ಭಾನುವಾರ ಭಾವ ಅಕ್ಕನ ಜೊತೆ ಅಂಗಡಿಗೆ ಬಂದು, ಕೋಲನ್ನು ಗೋಡೆಗೆ ಒರಗಿಸಿ, ಗಂಭೀರವಾಗಿ ಹೇಳಿದರು: "ಇವತ್ತಿಂದ ನಾನು ಮರಿ ಕಡೆ."

"ಅದು ಹೇಗಾಗುತ್ತೆ? ಮರಿ ನನ್ನೋನು!"

"ಗುತ್ತಿಗೆ ತಗೊಂಡಿದ್ಯಾ ಅವನನ್ನ? ಅಜ್ಜ ತನ್ನ ಕೈಯಾರೆ ಹೆಲ್ಮೆಟ್ ಕೊಟ್ಟಿದಾನೆ. ಮರಿ ಈಗ ನಮ್ಮ ವಂಶ. ನೀನು ಬೇರೆ ಯಾರನ್ನಾದ್ರೂ ಹುಡುಕ್ಕೋ."

ಅಂಗಡಿಯವನು ಕೋಪದಿಂದ ಟವೆಲು ಕೊಡವಿದ. ನಾಲ್ಕು ವರ್ಷ ತಾನು ಒಬ್ಬನೇ ಹೊತ್ತು ಮೆರೆಸಿದವನನ್ನು ಹೀಗೆ ಎಗರಿಸಿಕೊಂಡು ಹೋಗುವುದೆಂದರೆ! ಅವನು ಹತ್ತು ನಿಮಿಷ ಯೋಚಿಸಿದ. ಕೆಳಗಿನ ದರ್ಜೆಯಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಓಡಿಸುತ್ತಿದ್ದಳು. ಹಿಂದಿನ ವರ್ಷ ಮೂರು ಸಲ ರಸ್ತೆ ಬಿಟ್ಟು ಪೊದೆಗೆ ಹೋಗಿದ್ದಳು, ಎರಡು ಸಲ ಗೆದ್ದಿದ್ದಳು.

"ನಾನು ಅವಳ ಕಡೆ" ಎಂದ.

"ಅವಳಾ?" ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು, ಮುಖ ಅರಳಿತು. "ಅವಳಿಗೆ ಬ್ರೇಕು ಯಾವ ಕಡೆ ಇದೆ ಅಂತ ಯಾರಾದ್ರೂ ಹೇಳಿದಾರಾ?"

"ನಾನೂ ಅವಳ ಕಡೆನೇ" ಎಂದಳು ಅಕ್ಕ, ಮೊಬೈಲು ತೆಗೆಯುತ್ತಾ. "ಇಬ್ರೂ ಸುಮ್ನಿರಿ, ಶುರುವಾಯ್ತು."