ಅಸಿಲ್‌ಕಾನ್ ಕೊಡದ ಕುರಿ

ಬಿಷ್ಕೆಕ್‌ನ ಆ ಹಾಲಿನ ಕಂಪನಿಗೆ ಅಸಿಲ್‌ಕಾನ್ ಭದ್ರತಾ ಮುಖ್ಯಸ್ಥೆಯಾಗಿ ಸೇರಿ ಏಳು ತಿಂಗಳಾಗಿತ್ತು. ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು ಅವಳ ಕೆಲಸ. ಆದರೆ ಅವಳ ಮಾತು ನೇರವಾಗಿ ನಿರ್ದೇಶಕರ ಕಿವಿಗೆ ಬೀಳುತ್ತಿರಲಿಲ್ಲ. ನಡುವೆ ಮಾಹಿತಿ ವಿಭಾಗದ ಮುಖ್ಯಸ್ಥ ಸಗಿನ್‌ಬೆಕ್ ಕೂತಿದ್ದ.

ಸಗಿನ್‌ಬೆಕ್‌ಗೆ ಕಂಪ್ಯೂಟರ್ ಯಂತ್ರಗಳು ಓಡುತ್ತಿದ್ದರೆ ಸಾಕು. ಒಂದು ನಿಮಿಷ ನಿಂತರೂ ಅವನ ಜೀವ ಬಾಯಿಗೆ ಬರುತ್ತಿತ್ತು. "ರಿಪೇರಿಗೆ ಒಂದು ಗಂಟೆ ನಿಲ್ಲಿಸ್ಬೇಕು" ಎಂದರೆ, "ನೌರುಜ್ ಹಬ್ಬ ಕಳೀಲಿ ಕಣಮ್ಮ" ಎನ್ನುತ್ತಿದ್ದ. ಹೋದ ವರ್ಷದ ನೌರುಜ್‌ನಿಂದಲೂ ಅದನ್ನೇ ಹೇಳುತ್ತಿದ್ದನೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಇನ್ನು ತಂತ್ರಜ್ಞಾನದ ಮುಖ್ಯಸ್ಥ ದೊಲೊತ್. ಹೊಸ ಹೊಸ ಆ್ಯಪ್ ಮಾಡುವುದು ಅವನ ಪಾಲಿನ ಕೆಲಸ. ಎದುರು ಬೀದಿಯ ಕಂಪನಿಯವರು ತನಗಿಂತ ಮೊದಲು ಏನಾದರೂ ಬಿಟ್ಟುಬಿಟ್ಟಾರೆಂಬುದೊಂದೇ ಅವನಿಗಿದ್ದ ಭಯ. ಅದಕ್ಕೇ ಕುಮಿಸ್ ಎಂಬ ಹುಳಿಸಿದ ಕುದುರೆ ಹಾಲನ್ನು ಮಾರುವ ಆ್ಯಪ್ಪನ್ನು ಬೀಗವೇ ಇಲ್ಲದೆ ಊರಿಗೆ ಬಿಟ್ಟಿದ್ದ.

"ನಮ್ಮ ಬಾಗಿಲು ಹಾರುಹೊಡೆದಿದೆ" ಎಂದು ಅಸಿಲ್‌ಕಾನ್ ವರದಿ ಬರೆದಳು. ಸಗಿನ್‌ಬೆಕ್ ಅದನ್ನು ತಿದ್ದಿ ಮೇಲಕ್ಕೆ ಕಳಿಸಿದ. ನಿರ್ದೇಶಕ ತೆಮಿರ್‌ಕುಲ್ ಓದಿದ್ದು, "ಗಾಳಿ ಸಂಚಾರ ತೃಪ್ತಿಕರವಾಗಿದೆ" ಎಂದು. ಅವರು ಸಂತೋಷದಿಂದ ಸಹಿ ಹಾಕಿದರು.

ಅಸಿಲ್‌ಕಾನ್‌ಗೆ ಮೈಯೆಲ್ಲ ಉರಿಯಿತು. ಸಿಬ್ಬಂದಿಯನ್ನು ಪರೀಕ್ಷಿಸಲು ಅನುಮತಿ ಕೇಳಿ ಒಂದು ಅರ್ಜಿ ಬರೆದು, ಈ ಸಲ ತಾನೇ ಒಯ್ದು ತೆಮಿರ್‌ಕುಲ್ ಅವರ ಮೇಜಿನ ಮೇಲಿಟ್ಟಳು. ಫೋನಿನಲ್ಲಿದ್ದ ಅವರು ಓದದೆಯೇ ಸಹಿ ಮಾಡಿದರು. ಮರುದಿನ ಬೆಳಿಗ್ಗೆ ತೊಂಬತ್ತೊಂದು ಮಂದಿಗೂ ಒಂದು ಇಮೇಲ್ ಬಂತು: ಹಬ್ಬಕ್ಕೆ ನಿಮಗೊಂದು ಕೊಬ್ಬಿದ ಕುರಿ ಉಚಿತ, ಪಡೆಯಲು ಪಾಸ್‌ವರ್ಡ್ ಬರೆಯಿರಿ.

ಊಟದ ಹೊತ್ತಿಗೆ ಎಂಬತ್ತಾರು ಮಂದಿ ಬರೆದಿದ್ದರು. ಸಗಿನ್‌ಬೆಕ್ ಎರಡು ಸಲ ಬರೆದಿದ್ದ, ಎರಡನೆಯದು ಅತ್ತೆಯ ಹೆಸರಿನಲ್ಲಿ. ದೊಲೊತ್ ಪಾಸ್‌ವರ್ಡ್ ಕೊಟ್ಟಿದ್ದಲ್ಲದೆ, ಆ ಪುಟದ ಬಣ್ಣ ಚೆನ್ನಾಗಿಲ್ಲವೆಂದು ಒಂಬತ್ತು ಸಲಹೆಗಳನ್ನೂ ಬರೆದು ಕಳಿಸಿದ್ದ.

ಮೂರು ಗಂಟೆಗೆ ತೆಮಿರ್‌ಕುಲ್ ಹಗ್ಗ ಹಿಡಿದು ಅವಳ ಕೋಣೆಗೆ ಬಂದರು.

"ಅಸಿಲ್‌ಕಾನ್, ಕುರಿ ಎಲ್ಲಿ ಕಟ್ಟಿದ್ದಾರೆ? ಕಾರಿನ ಹಿಂದಿನ ಸೀಟು ಮಡಚಿಟ್ಟು ಬಂದಿದೀನಿ."

"ಕುರಿ ಇಲ್ಲ ಸರ್. ಅದು ನಿಮ್ಮ ಸಹಿ ತಗೊಂಡು ಮಾಡಿದ ಪರೀಕ್ಷೆ."

"ನನ್ನ ಸಹಿನಾ?"

ಅವಳು ಕಾಗದ ತೋರಿಸಿದಳು. ಅವರು ಹಗ್ಗವನ್ನು ಬೆನ್ನ ಹಿಂದೆ ಮರೆಮಾಡಿ, ಉಳಿದಿಬ್ಬರನ್ನೂ ಕರೆಸಿದರು.

"ನಿಜವಾದ ಕಳ್ಳ ಬಂದಿದ್ರೆ ಯಾರಪ್ಪ ಹೊಣೆ?"

"ನನ್ ಯಂತ್ರ ಒಂದೂ ನಿಂತಿಲ್ಲ ಸರ್" ಎಂದ ಸಗಿನ್‌ಬೆಕ್.

"ಕಳ್ಳನಿಗೂ ಅದೇ ಬೇಕಾಗಿರೋದು" ಎಂದಳು ಅಸಿಲ್‌ಕಾನ್.

"ಆ ಪುಟ ನಾನು ಮಾಡಿದ್ದಲ್ಲ" ಎಂದ ದೊಲೊತ್. "ನಾನು ಮಾಡಿದ್ರೆ ಕುರಿ ಇನ್ನೂ ದಪ್ಪಗೆ ಕಾಣ್ತಿತ್ತು."

"ಅಂದ್ರೆ ಒಬ್ಬ ಓಡಿಸೋನು, ಒಬ್ಬ ಹೊಸದು ಮಾಡೋನು" ಎಂದರು ತೆಮಿರ್‌ಕುಲ್. "ಕಾಯೋಳನ್ನ ಮಾತ್ರ ಓಡಿಸೋನ ಕೈಕೆಳಗೆ ಕೂರಿಸಿದೀವಿ. ಹಾಗೆ ಕೂರಿಸಿದ್ದು ಯಾವ ಪುಣ್ಯಾತ್ಮ?"

ಕೂರಿಸಿದ್ದು ಅವರೇ. ಅದು ನೆನಪಾಗಿ ಅವರ ಕಿವಿ ಕೆಂಪಾದವು. ಆ ಸಂಜೆಯೇ ಆದೇಶ ಹೊರಬಿತ್ತು: ಅಸಿಲ್‌ಕಾನ್ ಇನ್ನು ನೇರ ನಿರ್ದೇಶಕರಿಗೇ ವರದಿ ಕೊಡತಕ್ಕದ್ದು, ಅವಳು ಒಪ್ಪದೆ ಯಾವ ಆ್ಯಪ್ಪೂ ಹೊರಗೆ ಹೋಗತಕ್ಕದ್ದಲ್ಲ, ತಿಂಗಳಿಗೊಂದು ಗಂಟೆ ಯಂತ್ರಗಳು ನಿಲ್ಲತಕ್ಕದ್ದು.

ಮೊದಲ ಸಲ ಯಂತ್ರ ನಿಲ್ಲಿಸಿದ ದಿನ ಸಗಿನ್‌ಬೆಕ್ ಹೊರಗಿನ ಬೆಂಚಿನ ಮೇಲೆ ಕೂತು, ಆಸ್ಪತ್ರೆಯ ಹೊರಗೆ ಕಾಯುವವನಂತೆ ಗಡಿಯಾರ ನೋಡುತ್ತಿದ್ದ. ಅಸಿಲ್‌ಕಾನ್ ಅವನಿಗೆ ಚಹಾ ತಂದುಕೊಟ್ಟಳು. ದೊಲೊತ್ ಹನ್ನೊಂದು ದಿನ ಮುನಿಸಿಕೊಂಡಿದ್ದ. ಹನ್ನೆರಡನೆಯ ದಿನ ಅವಳ ಕೋಣೆಗೆ ಓಡಿಬಂದ.

"ನನ್ನ ಆ್ಯಪಲ್ಲಿ ಒಂದು ತೂತು ಸಿಕ್ತು ಕಣೆ. ನಾನೇ ಹುಡುಕಿದ್ದು" ಎಂದು ಮೊದಲ ಬಹುಮಾನ ಬಂದವನಂತೆ ಹಲ್ಲು ಕಿರಿದ.

ಅಸಿಲ್‌ಕಾನ್ ನೋಡಿದಳು. ತೂತು ನಿಜಕ್ಕೂ ದೊಡ್ಡದೇ ಇತ್ತು. ಅವನಿಗೊಂದು ಕುರ್ಚಿ ಎಳೆದುಕೊಟ್ಟು, "ಕೂತ್ಕೊ, ಇನ್ನೂ ನಾಲ್ಕಿವೆ" ಎಂದಳು.